ನಾಲ್ಕು ನಿಮಿಷ

ತಾಕಾ ಊರಿನ ಕಡಲಂಚಿಗೆ ಬೂತಾಯಿ ಒಣಹಾಕಿದ್ದಾರೆ,
ಬೆಳ್ಳಿಯ ಕಣ ಮಾಡಿದ ಹಾಗೆ.
ಹುಲ್ಲು ತೀರಿದ ಮೇಲೆ ಇದನ್ನೇ ಹಸು ತಿನ್ನುತ್ತವೆ, ಒಂಟೆ ತಿನ್ನುತ್ತವೆ.
ಮೊದಲ ವರ್ಷ ಫೋನಿನಲ್ಲಿ ಹೇಳಿದರೆ
ಊರಲ್ಲಿ ಯಾರೂ ನಂಬಲಿಲ್ಲ,
ಹಾಲು ನಾರುವುದಿಲ್ಲವೇ ಎಂದು ಮಾತ್ರ ಕೇಳಿದರು.

ಖರೀಫಿನ ಮಂಜು ಸರಿದು ಮೂರು ವಾರ.
ಗುಡ್ಡ ನೆತ್ತಿಯಿಂದ ಹಳದಿಯಾಗುತ್ತ ಇಳಿಯುತ್ತಿದೆ.
ನನ್ನ ಕೈಲಿ ಐಸಿನ ಪೆಟ್ಟಿಗೆ, ಕೆಂಪು ಮುಚ್ಚಳದ ನಳಿಕೆಗಳು,
ಇಲಾಖೆಯ ಎರಡು ಪುಟದ ನಮೂನೆ.
ಬಖೀತನ ದೊಡ್ಡಿಯಲ್ಲಿ ಆಡು ಅರವತ್ತಮೂರು, ಹಸು ಹನ್ನೊಂದು,
ಕಾಯುವವನು ಮಾಳಿಂಗ, ಇಂಡಿ ಕಡೆಯವನು.
ಅವನು ಕತ್ತು ಮುಟ್ಟಿದರೆ ಆಡು ತಾನೇ ತಲೆ ಎತ್ತಿ ಕೊಡುತ್ತದೆ.
ಸೂಜಿ ನನ್ನದು,
ನರ ಹುಡುಕುವುದು ಅವನ ಹೆಬ್ಬೆರಳು.

ಈ ವರ್ಷ ಕಂದು ಹಾಕಿದವು ಎಷ್ಟು?
"ಎಂಟ್ರಿ. ಒಂಬತ್ತನೇದು ಎರಡ ಗಳಿಗಿ ಉಸಿರಾಡ್ತು,
ಅದನ್ನ ಬರೀಬ್ಯಾಡ್ರಿ."
ಹೊರಗಿನಿಂದ ತಂದ ಜೀವ ಬೇರೆ ಕಟ್ಟಿದ್ದಿರಾ?
"ಸಂತಿಂದ ಬಂದ ದಿನಾನ ಗುಂಪಿನ್ಯಾಗ.
ಬ್ಯಾರೆ ಕಟ್ಟಾಕ ಗ್ವಾಡಿ ಎಲ್ಲೈತ್ರಿ?"
ಹೋತ ಸ್ವಂತದ್ದೇ?
"ಮೂರು ಮನಿದು. ಸರತಿ ಮ್ಯಾಲ ಬರತೈತಿ,
ಮದುವಿ ಬ್ಯಾಂಡಿನವರ ಹಂಗ."
ಬಿದ್ದ ಮಾಸು ಏನು ಮಾಡುತ್ತೀರಿ?
ಮಾಳಿಂಗ ಬೇಲಿಯ ಕಡೆ ನೋಡಿದ.
ನಾಯಿ ಬಾಲ ಆಡಿಸಿತು.
ಕೈಗವಸು?
ಎರಡೂ ಅಂಗೈ ತೆರೆದು ತೋರಿಸಿದ.
'ಇಲ್ಲ' ಎಂಬ ಚೌಕಕ್ಕೆ ಗೀಟು ಹಾಕಿದೆ.

ಇಲಾಖೆ ಇದಕ್ಕೆ ಬ್ರುಸೆಲ್ಲಾ ಎನ್ನುತ್ತದೆ,
ನಮ್ಮ ದನದ ದವಾಖಾನೆಯಲ್ಲಿ ಕಂದು ರೋಗ.
ಎರಡನೆಯದನ್ನು ಹೇಳುವಾಗ ನಾಲಿಗೆಗೆ ಒಂದು ಮರಿ ತಾಗುತ್ತದೆ.

ಕೆಳಗಿನ ದೊಡ್ಡಿಗಳ ಲೆಕ್ಕ ಬಂದಿದೆ, ನೂರಕ್ಕೆ ಹದಿನೇಳು, ಅಂದೆ.
ಅವನು ಅದನ್ನು ಸ್ವಲ್ಪ ಹೊತ್ತು ಮೆಲುಕು ಹಾಕಿದ.
"ಇಕಿ ಒಬ್ಬಾಕಿಗೆ ಎಷ್ಟ ಹದಿನೇಳ್ರಿ?"
ಇಕಿ ಎಂದರೆ ಕಿವಿ ಹರಿದ ಕರಿ ಆಡು,
ಮೂರು ತಿಂಗಳ ಗಬ್ಬ, ಅವನ ಜೇಬು ಮೂಸುತ್ತಿತ್ತು.
ನನ್ನಲ್ಲಿ ಉತ್ತರ ಇರಲಿಲ್ಲ. ನಮೂನೆಯಲ್ಲೂ.

ಬಖೀತನ ಅಜ್ಜಿ ತುಫೂಲ್ ನೆರಳಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.
ಆಕೆಯ ಗುಡ್ಡದ ಮಾತು ಮೊಮ್ಮಗನ ಅರಬ್ಬಿಗೆ ಇಳಿದು,
ಅಲ್ಲಿಂದ ನನ್ನ ಮುರುಕು ಅರಬ್ಬಿಗೆ ದಕ್ಕಿದ್ದಿಷ್ಟು:
ಗುಹೆಯಲ್ಲಿದ್ದ ಕಾಲಕ್ಕೆ ಬೆಂಕಿಯಲ್ಲಿ ಕಲ್ಲು ಕಾಸಿ
ಹಾಲಿನ ಮರಿಗೆಗೆ ಇಳಿಬಿಡುತ್ತಿದ್ದೆವು.
ಹಾಲು ಒಮ್ಮೆ ಬೈಯುತ್ತಿತ್ತು,
ಬೈದಾದ ಮೇಲೆ ಕುಡಿಯುತ್ತಿದ್ದೆವು.
ಈಗ ಗ್ಯಾಸಿದೆ, ಮೂರು ಒಲೆಯದು.
ಹುಡುಗರಿಗೆ ಕೆಚ್ಚಲಿನ ಬಿಸಿಯೇ ಸಾಕಂತೆ.

ಸಂಜೆ, ಸಲಾಲಾದ ಲ್ಯಾಬು.
ಬಿಳಿ ಹಲಗೆಯ ಮೇಲೆ ಸೀರಮ್ಮಿನದೊಂದು ಹನಿ,
ಗುಲಾಬಿ ದ್ರವದ್ದೊಂದು ಹನಿ.
ಕಡ್ಡಿಯಿಂದ ಕಲೆಸಿ, ತೊಟ್ಟಿಲಿನಂತೆ ತೂಗಬೇಕು, ನಾಲ್ಕು ನಿಮಿಷ.
ರೋಗವಿಲ್ಲದ್ದು ನುಣ್ಣಗೆ ಹರಡಿಕೊಳ್ಳುತ್ತದೆ.
ಉಳಿದದ್ದು ಹಾಲು ಒಡೆದಂತೆ ಒಡೆದು
ಅಂಚಿಗೆ ಸಣ್ಣ ಕೆಂಪು ಮರಳು ಕಟ್ಟುತ್ತದೆ.
ಎಪ್ಪತ್ತನಾಲ್ಕರಲ್ಲಿ ಹದಿನಾಲ್ಕು.
ಹರಿದ ಕಿವಿಯವಳದು ಎರಡನೇ ನಿಮಿಷಕ್ಕೇ.

ಫೋನು ಮಾಡಿದೆ.
ಆಡಿನ ಸುದ್ದಿ ಕೇಳಿ ಸುಮ್ಮನಾದ,
ಆಮೇಲೆ, ಬೇರೆ ಯಾರದೋ ಸಂಗತಿ ಎನ್ನುವಂತೆ:
"ಸಂಜಿಗೆ ಜ್ವರ ಬರೂದು, ನಸಿಕಿನ್ಯಾಗ ಬೆವತು ಬಿಡೂದು,
ಟೊಂಕ ಮುರದಂಗ ಆಗೂದು, ಎರಡ ತಿಂಗಳಾತು.
ಇದು ಆಡಿಂದ ಬರೂದಲ್ಲ, ಹೌದಿಲ್ರಿ?
ಮೆಡಿಕಲ್ಲಿನ್ಯಾಗ ಸಿಕ್ಕರ ಟಿಕೀಟ ಕೊಟ್ಟ ಕಳಸ್ತಾರ."

ನಾಳೆ ಆಸ್ಪತ್ರೆಗೆ ಬಾ, ನಾನೂ ಇರುತ್ತೇನೆ, ಅಂದೆ.
ಔಷಧ ಇದೆ, ಆರು ವಾರ ತಪ್ಪದೆ ನುಂಗಿದರೆ ಹೋಗುತ್ತದೆ, ಅಂದೆ.

"ಆಕಿಗೆ?" ಅಂದ.

ನಲ್ಲಿ ಬಿಟ್ಟು ಹಲಗೆ ತೊಳೆಯುತ್ತಿದ್ದೆ.
ನೀರಿನ ಸದ್ದಿಗೆ ಕೇಳಿಸಲಿಲ್ಲ ಎಂದೆ.